ಗೋವಿನಕೋವಿಯ ದಾರಿಯಲ್ಲಿ ನಾಲ್ಕು ಚಕ್ರಗಳ ಪಾಠ

ಮಳೆಗಾಲದಲ್ಲಿ ಹೊನ್ನಾಳಿ ಸೀಮೆಗೆ ಹೋಗಿದ್ದೀರಾ? ಹೋಗಿರದಿದ್ದರೆ ಒಮ್ಮೆ ಹೋಗಿ ಬನ್ನಿ. ಹರಿಹರದಿಂದ ಮಲೇಬೆನ್ನೂರು ದಾಟಿ ಬರುವಾಗ ಭದ್ರಾ ಕಾಲುವೆಯ ನೀರುಂಡ ಗದ್ದೆಗಳು ಕಣ್ಣು ಹಾಯಿಸಿದಷ್ಟೂ ಹಸಿರಾಗಿರುತ್ತವೆ. ಹೊನ್ನಾಳಿಯ ಸೇತುವೆ ಮೇಲೆ ಬಂದರೆ ಕೆಳಗೆ ಕೆಂಪು ನೀರು ತುಂಬಿಕೊಂಡ ತುಂಗಭದ್ರೆ. ಶಿವಮೊಗ್ಗದ ಕಡೆಯ ಕೂಡಲಿಯಲ್ಲಿ ತುಂಗೆ, ಭದ್ರೆ ಎರಡೂ ಸೇರಿ ಒಂದಾದ ಹೊಳೆ ಇದು. ಇಲ್ಲಿನ ಊರುಗಳಲ್ಲಿ ಒಂದು ಗೋವಿನಕೋವಿ. ಅದು ನನ್ನ ತವರು.

ಈ ಊರುಗಳು ಮೊದಲು ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ತಾಲೂಕುಗಳು ಹೊಸ ಜಿಲ್ಲೆಗೆ ಬಂದವು. ಆಮೇಲೆ ಪಕ್ಕದ ನ್ಯಾಮತಿಯೂ ತಾಲೂಕಾಯಿತು. ಜಿಲ್ಲೆ ಬದಲಾದರೂ ನಮ್ಮವರ ಕಾಲು ಮಾತ್ರ ಸಂತೆಗೆ, ಆಸ್ಪತ್ರೆಗೆ, ಬಟ್ಟೆಬರೆಗೆ ಇಂದಿಗೂ ಶಿವಮೊಗ್ಗದ ಕಡೆಗೇ ಹೋಗುತ್ತದೆ. ನನ್ನ ಅಮ್ಮಿಗೆ ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅದೂ ಶಿವಮೊಗ್ಗದಲ್ಲೇ. ಭಾಯಿಯ ಮನೆಯ 2016ರ ಸ್ವಿಫ್ಟ್ ಡಿಜೈರ್ ಕಾರಿನಲ್ಲಿ ಅವರ ಮಗ, ನನ್ನ ಸೋದರಳಿಯ, ದಾದಿಯನ್ನು ಕರೆದುಕೊಂಡು ಹೋಗಿ ಬರುತ್ತಾನೆ. ಇಪ್ಪತ್ತೆರಡರ ಹುಡುಗ. ಈ ವಿಷಯದಲ್ಲಿ ಅವನಿಗೆ ಸಲ್ಲುವ ದುಆ ಎಷ್ಟೆಂದು ನಾನು ಎಣಿಸಲಾರೆ.

ಕಳೆದ ವರ್ಷದ ಮಳೆಗಾಲದಲ್ಲಿ ನಾನು ತವರಿಗೆ ಹೋಗಿದ್ದೆ. ಒಂದು ದಿನ ಆಸ್ಪತ್ರೆಗೆ ಅವರ ಜೊತೆ ನಾನೂ ಹೊರಟೆ. ಮರಳಿ ಬರುವಾಗ ಅಸರ್‌ನ ಹೊತ್ತು. ಜೋರು ಮಳೆ ನಿಂತು ತುಂತುರು ಹನಿಯುತ್ತಿತ್ತು. ಅಮ್ಮಿ ದಣಿದು ನನ್ನ ಹೆಗಲಿಗೆ ಒರಗಿದ್ದರು. ಫಿಸ್ಟುಲಾ ಮಾಡಿದ ಅವರ ಎಡಗೈ ಎಲ್ಲಿಗೂ ತಾಗದಂತೆ ನಾನು ಹಿಡಿದುಕೊಂಡಿದ್ದೆ. ಗೋವಿನಕೋವಿ ಇನ್ನೇನು ಬಂತು ಎನ್ನುವಾಗ ಒಂದು ತಿರುವಿನಲ್ಲಿ ರಸ್ತೆಯ ಮೇಲೆ ನೀರು ನಿಂತಿತ್ತು. ವೇಗ ಅರವತ್ತರ ಆಸುಪಾಸಿನಲ್ಲಿತ್ತು, ಹೆಚ್ಚೇನಲ್ಲ. ಹುಡುಗ ಸ್ಟಿಯರಿಂಗ್ ತಿರುಗಿಸಿದ, ಕಾರು ತಿರುಗಲಿಲ್ಲ. ಬ್ರೇಕ್ ಒತ್ತಿದ, ನಿಲ್ಲಲಿಲ್ಲ. ಎಣ್ಣೆ ಸವರಿದ ಹಲಗೆಯ ಮೇಲೆ ಜಾರಿದಂತೆ ನೇರವಾಗಿ ಜಾರಿಕೊಂಡು ಹೋಗಿ ರಸ್ತೆ ಬದಿಯ ಕೆಸರಿನಲ್ಲಿ ಹೂತುಕೊಂಡಿತು. ಇನ್ನು ನಾಲ್ಕು ಮಾರು ಮುಂದೆ ಹೋಗಿದ್ದರೆ ಕಾಲುವೆ. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ. ಅಮ್ಮಿ ಮಾತ್ರ ಕಣ್ಣು ಮುಚ್ಚಿ ಬಹಳ ಹೊತ್ತು ಕಲಿಮಾ ಹೇಳುತ್ತಲೇ ಇದ್ದರು.

ಗದ್ದೆಯಲ್ಲಿ ಉಳುತ್ತಿದ್ದ ಹಿರಿಯರೊಬ್ಬರು ಟ್ರ್ಯಾಕ್ಟರ್ ನಿಲ್ಲಿಸಿ ಓಡಿ ಬಂದರು. ಕೆಸರು ಗದ್ದೆಯಲ್ಲಿ ಉಳುವ ಟ್ರ್ಯಾಕ್ಟರಿಗೆ ಕಬ್ಬಿಣದ ಪಂಜರದಂತಹ ಚಕ್ರ ಹಾಕಿರುತ್ತಾರೆ, ನೋಡಿದ್ದೀರಲ್ಲ? ಅದನ್ನು ಕೇಜ್ ವೀಲ್ ಎನ್ನುತ್ತಾರೆ. ಅದನ್ನು ಹಾಕಿಕೊಂಡು ಡಾಂಬರು ರಸ್ತೆಗೆ ಬಂದರೆ ರಸ್ತೆ ಕಿತ್ತು ಹೋಗುತ್ತದೆ. ಹಾಗಾಗಿ ಅವರು ಮಗನಿಗೆ ಹೇಳಿ ಇನ್ನೊಂದು ಟ್ರ್ಯಾಕ್ಟರ್ ತರಿಸಿ ಹಗ್ಗ ಕಟ್ಟಿ ನಮ್ಮ ಕಾರನ್ನು ಎಳೆಸಿದರು. ಕಾರು ಮೇಲೆ ಬಂದ ಮೇಲೆ ಬಗ್ಗಿ ಟೈರಿನ ಮೇಲೆ ಕೈಯಾಡಿಸಿ, "ಏನಕ್ಕಾರೆ, ಗಾಲಿ ಎಲ್ಲಾ ಬೋಳಾಗ್ಯಾವಲ್ರೀ. ಇದರಾಗ ಮುದುಕಮ್ಮನ್ನ ಕೂರಿಸ್ಕೊಂಡು ತಿರುಗ್ತೀರಲ್ಲ!" ಎಂದರು. ನಾಚಿಕೆಯಿಂದ ನನ್ನ ತಲೆ ತಗ್ಗಿತು.

ಆ ರಾತ್ರಿ ಮನೆಯಲ್ಲಿ ಅದೇ ಮಾತು. ಹುಡುಗ ಹೇಳಿದ, "ಫುಫ್ಫು, ಕಂಪೆನಿ ಕೊಟ್ಟಿರುವ ಟೈರು ತೀರಾ ಸಣ್ಣದು, ಅದಕ್ಕೇ ಜಾರಿತು. ನನ್ನ ಗೆಳೆಯ 195ರ ಟೈರು ಹಾಕಿಸಿದ್ದಾನೆ. ರಸ್ತೆಗೆ ಅಂಟಿಕೊಂಡ ಹಾಗೆ ಹೋಗುತ್ತೆ. ರಿಮ್ಮು ಬದಲಿಸೋದೂ ಬೇಡ." ಭಾಭಿಗೆ ಖರ್ಚಿನ ಚಿಂತೆ. ನಾನು ಮಾತ್ರ ಹಿಂದೆಮುಂದೆ ನೋಡದೆ, "ಹಣ ನಾನು ಕೊಡುತ್ತೇನೆ, ಎಲ್ಲಕ್ಕಿಂತ ಅಗಲವಾದದ್ದನ್ನೇ ಹಾಕಿಸು" ಎಂದುಬಿಟ್ಟೆ. ಅಗಲವಿದ್ದಷ್ಟೂ ಭದ್ರ ಎಂದು ನಿಮಗೂ ಅನ್ನಿಸುತ್ತದೆ ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ಹೆದರಿದವರ ಕೈ ಬೇಗ ಪರ್ಸಿಗೆ ಹೋಗುತ್ತದೆ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಕಾರಿನ ಬಳಿ ಕುಳಿತೆ. ಟೈರಿನ ಮೈಮೇಲೆ ಏನೇನೋ ಅಂಕಿಗಳಿದ್ದವು. ಅಕ್ಕಿ, ಬೇಳೆಯ ಪೊಟ್ಟಣದ ಮೇಲಿನ ದಿನಾಂಕವನ್ನು ಕನ್ನಡಕ ಹಾಕಿ ಓದುವ ನಾವು, ಜೀವ ಹೊತ್ತು ಓಡುವ ಟೈರಿನ ಮೇಲಿನ ಬರಹವನ್ನು ಒಮ್ಮೆಯೂ ಓದುವುದಿಲ್ಲ. ಬನ್ನಿ, ನಿಮಗೂ ಓದಿ ತೋರಿಸುತ್ತೇನೆ.

ನಮ್ಮ ಕಾರಿನ ಟೈರಿನ ಮೇಲೆ "165/80 ಆರ್ 14" ಎಂದಿತ್ತು. ಮೊದಲ ಅಂಕಿ ಟೈರಿನ ಅಗಲ, 165 ಮಿಲಿಮೀಟರ್. ಎರಡನೆಯದು ಎತ್ತರ, ಆದರೆ ಮಿಲಿಮೀಟರಿನಲ್ಲಿ ಅಲ್ಲ, ಅಗಲದ ಶೇಕಡಾ 80ರಷ್ಟು ಎಂದರ್ಥ. 'ಆರ್' ಎಂದರೆ ರೇಡಿಯಲ್ ಟೈರು. 14 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಅದರ ಪಕ್ಕದ 85 ಎಂಬುದು ಭಾರದ ಸಂಕೇತ. ಒಂದು ಟೈರು 515 ಕಿಲೋ ಹೊರಬಲ್ಲದು. ಇನ್ನೊಂದು ಕಡೆ ಚಿಕ್ಕ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿದ್ದವು, 2216. ಅಂದರೆ 2016ನೇ ಇಸವಿಯ 22ನೇ ವಾರದಲ್ಲಿ ತಯಾರಾದದ್ದು. ಕಾರು ಕೊಂಡಾಗಿನಿಂದ ಟೈರು ಬದಲಿಸಿಯೇ ಇರಲಿಲ್ಲ! ಟೈರಿನ ಗೀರುಗಳ ನಡುವೆ ಅಲ್ಲಲ್ಲಿ ಚಿಕ್ಕ ದಿಣ್ಣೆಗಳಿರುತ್ತವೆ. ಗೀರು ಸವೆದು ಅದರ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿಲಿಮೀಟರ್ ಮಾತ್ರ. ಕಾರಿಗೆ ಕಾನೂನು ಒಪ್ಪುವ ಕಡೆಯ ಮಿತಿ ಅದು. ನಮ್ಮ ಮುಂದಿನ ಎರಡು ಟೈರುಗಳಲ್ಲಿ ದಿಣ್ಣೆಯೂ ಗೀರೂ ಒಂದಾಗಿದ್ದವು.

ಆಗ ವಿಷಯ ಅರ್ಥವಾಯಿತು. ಟೈರಿನ ಗೀರುಗಳು ಅಂದಕ್ಕೆ ಇರುವುದಲ್ಲ. ಅವು ನೀರು ಹರಿಯುವ ಕಾಲುವೆಗಳು. ಚಕ್ರದಡಿಯ ನೀರು ಅವುಗಳಲ್ಲಿ ಹೊರಗೆ ಹೋದರೆ ಮಾತ್ರ ರಬ್ಬರು ನೆಲವನ್ನು ಮುಟ್ಟುತ್ತದೆ. ಕಾಲುವೆ ಮುಚ್ಚಿದರೆ ನೀರಿನ ಪದರದ ಮೇಲೆ ಕಾರು ತೇಲುತ್ತದೆ. ತೇಲುವ ಕಾರಿಗೆ ಸ್ಟಿಯರಿಂಗ್ ಇದ್ದೂ ಇಲ್ಲದಂತೆ. ನಮಗಾದದ್ದು ಅದೇ. ತಪ್ಪು ಟೈರಿನ ಅಗಲದ್ದಲ್ಲ, ನಮ್ಮ ಅಲಕ್ಷ್ಯದ್ದು.

ಅಷ್ಟೇ ಅಲ್ಲ. ಅಗಲವಾದ ಟೈರು ತಾನು ಹೋಗುವ ದಾರಿಯಲ್ಲಿ ಹೆಚ್ಚು ನೀರನ್ನು ತಳ್ಳಬೇಕಾಗುತ್ತದೆ. ಉಳಿದೆಲ್ಲ ಸಮನಾಗಿದ್ದರೆ ನಿಂತ ನೀರಿನಲ್ಲಿ ಅಗಲದ ಟೈರೇ ಬೇಗ ತೇಲುತ್ತದೆ. ಅಂದು ನಮ್ಮನ್ನು ಎಳೆದ ಹಿರಿಯರು ಸಂಜೆ ಅಮ್ಮಿಯನ್ನು ನೋಡಲು ಬಂದಾಗ ಹಳೆಯ ಮರದ ಗಾಲಿಯ ಎತ್ತಿನ ಗಾಡಿಯ ಮಾತು ತೆಗೆದರು. ಕಬ್ಬಿಣದ ಪಟ್ಟಿ ಬಡಿದ ಆ ಸಣ್ಣ ಗಾಲಿ ತೆಳು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲಕ್ಕೆ ಕೂರುತ್ತಿತ್ತಂತೆ. ಕೆಸರು ಆಳವಾಗಿದ್ದರೆ ಮಾತ್ರ ಹೂತುಹೋಗುತ್ತಿತ್ತು. ಅಲ್ಲಿ ರಬ್ಬರ್ ಟೈರಿನ ಡನ್‌ಲಪ್ ಗಾಡಿಯೇ ಮೇಲು. "ನೆಲ ಎಂಗೈತೋ ಗಾಲಿ ಅಂಗಿರಬೇಕು" ಎಂದರು. ಶಾಲೆ ಕಂಡವರಲ್ಲ, ಆದರೆ ನೂರು ಮಾತಿಗೆ ಒಂದು ಮಾತು.

ಹಾಗಾದರೆ ಕಂಪೆನಿಯ ರಿಮ್ಮಿಗೆ ಅಗಲವಾದ ಟೈರು ಹಾಕಲೇಬಾರದೇ? ಹಾಗೇನಿಲ್ಲ. ಅದಕ್ಕೊಂದು ಲೆಕ್ಕವಿದೆ. ಹುಡುಗನಿಗೆ ಕಾಗದ ಪೆನ್ನು ಕೊಟ್ಟೆ. ಯಾರದೋ ಮದುವೆ ಪತ್ರಿಕೆಯ ಬೆನ್ನ ಮೇಲೆ ಅವನೇ ಬರೆದ. 165ರ ಶೇಕಡಾ 80 ಎಂದರೆ 132. ಮೇಲೆ, ಕೆಳಗೆ ಎರಡು ಸೇರಿ 264. ರಿಮ್ಮಿನ 14 ಇಂಚು ಎಂದರೆ 355.6. ಕೂಡಿದರೆ ಇಡೀ ಚಕ್ರದ ಎತ್ತರ ಸುಮಾರು 620 ಮಿಲಿಮೀಟರ್. ಈಗ 80ನ್ನು ಹಾಗೇ ಉಳಿಸಿ ಅಗಲವನ್ನಷ್ಟೇ 185 ಮಾಡಿದರೆ? ಚಕ್ರ 652ಕ್ಕೆ ಏರುತ್ತದೆ. ಶೇಕಡಾ 5ರಷ್ಟು ಹೆಚ್ಚು. ಆಗ ಮೀಟರು 80 ತೋರಿಸುವಾಗ ಕಾರು ನಿಜವಾಗಿ 84ರಲ್ಲಿ ಓಡುತ್ತಿರುತ್ತದೆ. ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಮಡ್‌ಗಾರ್ಡಿಗೆ ಉಜ್ಜುವ ಭಯ ಬೇರೆ. ಅದೇ 185/70 ಎಂದರೆ 615. ಮೂಲದ ಚಕ್ರಕ್ಕಿಂತ ಐದೇ ಮಿಲಿಮೀಟರ್ ಕಡಿಮೆ. ಅಗಲ ಹೆಚ್ಚಿದಂತೆ ಎರಡನೆಯ ಅಂಕಿ ಇಳಿಯಬೇಕು ಎಂಬುದು ಇದರ ಗುಟ್ಟು.

ಇನ್ನು ರಿಮ್ಮಿನ ಅಗಲ. ನಮ್ಮ ಕಾರಿನ ರಿಮ್ಮು 5 ಇಂಚು ಅಗಲ. 185/70 ಟೈರಿಗೆ ನಾಲ್ಕೂವರೆಯಿಂದ ಆರು ಇಂಚಿನವರೆಗಿನ ರಿಮ್ಮು ಒಗ್ಗುತ್ತದೆ. ಹಾಗಾಗಿ ಅದು ಕೂರುತ್ತದೆ, ಭಾರವನ್ನೂ ಮೂಲದ್ದಕ್ಕಿಂತ ಕಡಿಮೆ ಹೊರುವುದಿಲ್ಲ. ಗೆಳೆಯನ 195/70ಕ್ಕೆ 5 ಇಂಚು ಎಂಬುದು ತೀರಾ ಕೆಳಗಿನ ಮಿತಿ. ಅದಕ್ಕೂ ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ಚಿಕ್ಕ ಗವಸಿಗೆ ದೊಡ್ಡ ದಿಂಬು ತುರುಕಿದಂತೆ. ಟೈರು ಉಬ್ಬಿ, ನಡುಭಾಗ ಬೇಗ ಸವೆದು, ತಿರುವಿನಲ್ಲಿ ಕಾರು ಓಲಾಡುತ್ತದೆ. ಆಲ್ಟೊದಂತಹ ಪುಟ್ಟ ಕಾರುಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಅಗಲದ ಟೈರಿನಿಂದ ಲಾಭವಿಲ್ಲವೆಂದಲ್ಲ. ಒಣ ರಸ್ತೆಯ ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತದೆ. ಆದರೆ ಗಾಳಿಯ ಒತ್ತಡ ಅಷ್ಟೇ ಇದ್ದರೆ ಟೈರು ನೆಲ ಮುಟ್ಟುವ ಜಾಗ ನಾವೆಣಿಸಿದಷ್ಟು ದೊಡ್ಡದಾಗುವುದಿಲ್ಲ, ಅದರ ಆಕಾರ ಬದಲಾಗುತ್ತದೆ. ಒಂದೇ ಉಂಡೆ ಹಿಟ್ಟನ್ನು ಉದ್ದಕ್ಕೆ ಲಟ್ಟಿಸಿದರೂ ಅಗಲಕ್ಕೆ ಲಟ್ಟಿಸಿದರೂ ಹಿಟ್ಟು ಅಷ್ಟೇ ತಾನೇ? ಇನ್ನೊಂದು ಕಡೆ ಸ್ಟಿಯರಿಂಗ್ ತುಸು ಭಾರವಾಗುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ನಾಲ್ಕನ್ನು ಬದಲಿಸಿ ಸ್ಟೆಪ್ನಿಯನ್ನು ಹಳೆಯ ಅಳತೆಯಲ್ಲೇ ಬಿಟ್ಟರೆ ಪಂಕ್ಚರ್ ಆದ ದಿನ ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು. ಕಾನೂನಿನ ಮಾತೂ ಇದೆ. ತಯಾರಕರು ನಿಗದಿಪಡಿಸಿದ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿತು. ಆದ್ದರಿಂದ ಕಾರಿನ ಕೈಪಿಡಿಯಲ್ಲಿಲ್ಲದ ಅಳತೆ ಹಾಕಿಸುವ ಮುನ್ನ ಕಂಪೆನಿಯ ಸರ್ವಿಸ್ ಕೇಂದ್ರದಲ್ಲೂ ವಿಮೆಯವರಲ್ಲೂ ವಿಚಾರಿಸುವುದು ಲೇಸು.

ಇಷ್ಟೆಲ್ಲ ತಿಳಿದ ಮೇಲೆ ಅಂಗಡಿಗೆ ಹೋದೆವು. "ಅಗಲದ್ದು ಹಾಕಿಸಿ, ಗಾಡಿಗೆ ಲುಕ್ ಬರುತ್ತೆ" ಎಂದರು. ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ, ನಿರ್ಧಾರ ಅವನಿಗೇ ಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಮಳೆಯಲ್ಲಿ ದಾದಿಯನ್ನು ಕರೆದೊಯ್ಯುವ ಗಾಡಿ. ಕಂಪೆನಿ ಅಳತೆಯದ್ದೇ ಕೊಡಿ, ಐದು ಕೊಡಿ" ಎಂದ. ತಯಾರಾದ ವಾರವನ್ನು ಅವನೇ ಬಗ್ಗಿ ಓದಿದ. ಅಗಲದ ಟೈರಿಗೆ ಹೋಗಬಹುದಾಗಿದ್ದ ಹೆಚ್ಚಿನ ಹಣದಲ್ಲಿ ಸ್ಟೆಪ್ನಿಯೂ ಹೊಸದಾಯಿತು, ವೀಲ್ ಅಲೈನ್‌ಮೆಂಟೂ ಆಯಿತು. ಡ್ರೈವರ್ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿದ್ದಷ್ಟೇ ಗಾಳಿಯನ್ನು ಟೈರು ತಣ್ಣಗಿರುವಾಗ ಹಿಡಿಸಿದೆವು.

ವಾರದ ನಂತರ ಅವನೇ ನನ್ನನ್ನು ದಾವಣಗೆರೆಗೆ ಬಿಡಲು ಬಂದ. ದಾರಿ ತುಸು ಸುತ್ತಾದರೂ ಚನ್ನಗಿರಿ ತಾಲೂಕಿನ ಸಂತೇಬೆನ್ನೂರಿಗೆ ಹೋದೆವು. ಅಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಸುಂದರ ಪುಷ್ಕರಣಿ ಇದೆ. ಅದರ ಪಕ್ಕದಲ್ಲೇ 17ನೇ ಶತಮಾನದಲ್ಲಿ ಬಿಜಾಪುರದ ಸೇನಾಧಿಪತಿ ರಣದುಲ್ಲಾ ಖಾನ್ ಕಟ್ಟಿಸಿದ ಮುಸಾಫಿರ್‌ಖಾನೆ. ಪುಷ್ಕರಣಿಯ ಮೆಟ್ಟಿಲ ಮೇಲೆ ನಿಂತು ಆ ಕಮಾನುಗಳನ್ನು ನೋಡುವಾಗ ಅನ್ನಿಸಿತು, ದಾರಿಹೋಕನ ಸುರಕ್ಷತೆಗೆಂದು ಹಿಂದಿನವರು ಕಲ್ಲಿನ ಕಟ್ಟಡವನ್ನೇ ಕಟ್ಟಿಸಿದರು. ನಮ್ಮ ಕಾರಿನಲ್ಲಿ ಕೂರುವ ದಾರಿಹೋಕರಿಗಾಗಿ ನಾವು ತಿಂಗಳಿಗೊಮ್ಮೆ ಬಗ್ಗಿ ಟೈರು ನೋಡಲಾರೆವೇ?

ಒಂಟೆಯನ್ನು ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವರಿಗೆ, ಮೊದಲು ಅದನ್ನು ಕಟ್ಟು, ಆಮೇಲೆ ಭರವಸೆ ಇಡು ಎಂದು ಪ್ರವಾದಿ(ಸ) ತಿಳಿಸಿದ ಪ್ರಸಂಗ ನಿಮಗೆ ಗೊತ್ತೇ ಇದೆ. ಪ್ರಯಾಣದ ದುಆವನ್ನು ನಾವು ಮರೆಯದೆ ಓದುತ್ತೇವೆ. ಒಂಟೆ ಕಟ್ಟುವುದನ್ನು ಮಾತ್ರ ಮರೆಯುತ್ತೇವೆ.

ಅಮ್ಮಿ ಈಗಲೂ ವಾರಕ್ಕೆ ಎರಡು ಸಲ ಅದೇ ತಿರುವು ದಾಟುತ್ತಾರೆ. ಪ್ರತಿ ಸಲ ಹೊರಡುವ ಮುನ್ನ ಹುಡುಗ ಕಾರಿಗೆ ಒಂದು ಸುತ್ತು ಬಂದು ನಾಲ್ಕೂ ಚಕ್ರಗಳನ್ನು ನೋಡುತ್ತಾನಂತೆ. ಸೋದರಿಯರೇ, ಇಂದು ಸಂಜೆ ನಿಮ್ಮ ಮನೆಯ ವಾಹನದ ಬಳಿ ಹೋಗಿ ಒಮ್ಮೆ ಬಗ್ಗಿ ನೋಡಿ. ಆ ನಾಲ್ಕು ಅಂಕಿ ಏನು ಹೇಳುತ್ತವೆ, ಓದಿ.