ಹಿತ್ತಲಿಗೆ 18 ಅಡಿ

(1/4)

ಮೊದಲ ಫೋಟೋ ನಂಜನಗೂಡಿನ ನಮ್ಮನೆ ಹಿತ್ತಲ ಬಾಗಿಲಿಂದು. ಮೂರೇ ಮೆಟ್ಟಿಲು. ನೀವಾದ್ರೆ ನೋಡದೇನೆ ಇಳಿದುಬಿಡ್ತೀರಿ. ಎರಡು ವರ್ಷದ ಹಿಂದೆ ನಾನೂ ಹಾಗೇ ಇಳೀತಿದ್ದೆ, ಅಮ್ಮನೂ.

ಅಮ್ಮ ಸ್ಕೂಟರಿಂದ ಬಿದ್ದಾಗ ಬೆನ್ನುಮೂಳೆಗೆ ಪೆಟ್ಟಾಯ್ತು. ಈಗ ಸೊಂಟದಿಂದ ಕೆಳಗೆ ಶಕ್ತಿಯೂ ಇಲ್ಲ, ಮುಟ್ಟಿದ್ದು ಗೊತ್ತಾಗೋದೂ ಇಲ್ಲ. ಕೈಗಳು ಮಾತ್ರ ಮೊದಲಿಗಿಂತ ಗಟ್ಟಿ.

ಆ ಹಿತ್ತಲು ಅವಳದ್ದೇ. ಮೈಸೂರು ಮಲ್ಲಿಗೆ, ಕರಿಬೇವು, ಮೆಣಸಿನ ಗಿಡ, ದಂಟಿನ ಸೊಪ್ಪು, ಮೂಲೇಲಿ ಒಂದು ರಸಬಾಳೆ. ಒಗ್ಗರಣೆಗೆ ಸಾಸಿವೆ ಹಾಕಿ, ಅದು ಸಿಡಿಯೋದ್ರೊಳಗೆ ಓಡಿಹೋಗಿ ಕರಿಬೇವು ಕಿತ್ಕೊಂಡು ಬರ್ತಿದ್ದವಳು. ಆಸ್ಪತ್ರೆಯಿಂದ ಬಂದ ಮೇಲೆ ಅಡುಗೆಮನೆ ಕಿಟಕಿಯಿಂದ ನೋಡೋದಷ್ಟೇ ಆಯ್ತು.

ನೀರು ಹಾಕೋ ಕೆಲಸ ನನಗೆ ಬಂತು. ಮೈಸೂರಿನ ಕಾಲೇಜಿಂದ ಸಂಜೆ ಟ್ರೈನಲ್ಲಿ ಬಂದು ಪೈಪ್ ಹಿಡೀತಿದ್ದೆ. ಕಿಟಕಿ ಸರಳು ತಟ್ಟಿ ಅಮ್ಮ ಕೂಗ್ತಿದ್ಲು: "ಎಲೆ ಮೇಲಲ್ಲ ಕಣೇ, ಬುಡಕ್ಕೆ!" ಮೆಣಸಿನ ಗಿಡ ನೀರು ಜಾಸ್ತಿಯಾಗಿ ಕೊಳೆತುಹೋಯ್ತು. ಮಲ್ಲಿಗೆ ಬಿಟ್ಟಾಗ ತಟ್ಟೇಲಿ ತಂದು ಅವಳ ಮುಂದೆ ಇಟ್ಟೆ, ಖುಷಿ ಆಗುತ್ತೆ ಅಂತ. ಒಂದು ಸಲ ಮೂಸಿ ನೋಡಿ ತಟ್ಟೆ ವಾಪಸ್ ಕೊಟ್ಲು.

"ನಂಗೆ ಹೂವು ಬೇಕಾಗಿರಲಿಲ್ಲ ಪುಟ್ಟಿ."

ನನಗೆ ಸಿಟ್ಟು ಬಂತು. ಇಷ್ಟು ಮಾಡಿದ್ರೂ ಹೀಗಂತಾಳಲ್ಲ ಅಂತ. ಅವಳಿಗೆ ಬೇಕಾಗಿದ್ದು ಹೂ ಕೀಳೋ ಕೆಲಸ ಅನ್ನೋದು ಅರ್ಥ ಆಗೋಕೆ ನನಗೆ ತುಂಬಾ ದಿನ ಹಿಡೀತು.

(2/4)

ಎರಡನೇ ಫೋಟೋ ನೋಡಿ ನಗಬೇಡಿ. ಅದು ನಾವು ಕಟ್ಟಿಸಿದ ಮೊದಲ ರ‍್ಯಾಂಪ್.

ಅಮ್ಮನಿಗೆ ಸರ್‌ಪ್ರೈಸ್ ಕೊಡೋಣ ಅಂತ ಅಪ್ಪ, ನಾನು ಸೇರಿ ಮೇಸ್ತ್ರಿನ ಕರೆಸಿದ್ವಿ. ಗೇಟಿನ ಹತ್ರ ಬೈಕ್ ಹತ್ತಿಸೋಕೆ ಮಾಡ್ತಾರಲ್ಲ, ಅದೇ ಥರ ಒಂದೇ ದಿನದಲ್ಲಿ ಕಟ್ಟಿಕೊಟ್ರು. ಮೂರು ಮೆಟ್ಟಿಲು ಸೇರಿ 18 ಇಂಚು ಎತ್ತರ. ರ‍್ಯಾಂಪ್ ಉದ್ದ 6 ಅಡಿ. ಖರ್ಚು 9,000 ರೂಪಾಯಿ.

ಮೊದಲ ದಿನ ನಾನು ಹಿಂದೆ ನಿಂತು ಹ್ಯಾಂಡಲ್ ಹಿಡ್ಕೊಂಡಿದ್ದೆ. ಎರಡಡಿ ಇಳಿದಿರಲಿಲ್ಲ, ಭಾರಕ್ಕೆ ಚೇರ್ ನನ್ನನ್ನೇ ಎಳ್ಕೊಂಡು ಹೋಯ್ತು. ಅಪ್ಪ ಅಡ್ಡ ನಿಲ್ಲದೇ ಇದ್ದಿದ್ರೆ ಅಮ್ಮ ಮುಗ್ಗರಿಸಿ ಬೀಳ್ತಿದ್ಲು. ಯಾರೂ ಏನೂ ಮಾತಾಡಲಿಲ್ಲ. ಆಮೇಲೆ ಒಂದು ತಿಂಗಳು ಅಮ್ಮ ಹಿತ್ತಲ ಕಡೆ ಮುಖ ಮಾಡಲಿಲ್ಲ. ಕಿಟಕಿ ಹತ್ರಾನೂ ಬರಲಿಲ್ಲ.

ಆಗ ಕೂತು ಓದಿದೆ. ವೀಲ್‌ಚೇರ್ ರ‍್ಯಾಂಪಿಗೆ ಸಾಮಾನ್ಯವಾಗಿ ಹೇಳೋ ಲೆಕ್ಕ 1:12. ಒಂದು ಇಂಚು ಎತ್ತರಕ್ಕೆ ಒಂದಡಿ ಉದ್ದ, ಅದಕ್ಕಿಂತ ಉದ್ದ ಆದ್ರೆ ಇನ್ನೂ ಸುಲಭ. ನಮ್ಮದು 1:4. 18 ಇಂಚಿಗೆ ಬೇಕಾಗಿದ್ದು 18 ಅಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳಿಗೆ ನಿಯಮ ಹಾಕುತ್ತೆ. ಮನೆ ಹಿತ್ತಲನ್ನ ಅಳೆಯೋಕೆ ಯಾರು ಬರ್ತಾರೆ? ನಾವೇ ಅಳೀಬೇಕು.

ಒಡೆಯೋಕೆ ಅಪ್ಪನಿಗೆ ಮನಸ್ಸಿರಲಿಲ್ಲ. "ಒಂಬತ್ತು ಸಾವಿರ ಕಣಮ್ಮ" ಅಂದ್ರು. ನಮಗೆ ಕ್ಲಾಸಲ್ಲಿ ಸಂಕ್ ಕಾಸ್ಟ್ ಅಂತ ಪಾಠ ಇದೆ. ಹೋದ ದುಡ್ಡು ಹೋಯ್ತು, ಮುಂದಿನ ತೀರ್ಮಾನಕ್ಕೆ ಅದನ್ನ ಸೇರಿಸಬಾರದು. ಎರಡು ಮಾರ್ಕ್ಸಿಗೆ ಬರೆದಿದ್ದ ಉತ್ತರಾನ ಮನೇಲಿ ಹೇಳೋಕೆ ಅರ್ಧ ಗಂಟೆ ಬೇಕಾಯ್ತು.

(3/4)

ಎರಡನೇ ಸಲ ಟೇಪನ್ನ ಅಮ್ಮನ ಕೈಗೆ ಕೊಟ್ವಿ. ಅವಳು ಅಳತೆ ಹೇಳಿದ್ಲು, ನಾನು ಕಾಸ್ಟ್ ಅಕೌಂಟಿಂಗ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರ್ಕೊಂಡೆ. ನಿಮ್ಮನೇಲಿ ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು:

▪️ ಬಾಗಿಲಾಚೆ 5 ಅಡಿ ಚೌಕದ ಸಮತಟ್ಟು ಜಾಗ. ಆಮೇಲೆ 9 ಅಡಿ ಇಳಿಜಾರು, ತಿರುಗೋಕೆ ಮತ್ತೆ 5 ಅಡಿ ಚೌಕ, ಇನ್ನೊಂದು 9 ಅಡಿ. ಎರಡೂ ಕಡೆ 4 ಇಂಚಿನ ಅಂಚು, ಚಕ್ರ ಆಚೆ ಜಾರಬಾರದಲ್ಲ.

▪️ ಗಿಡಗಳ ಮಧ್ಯೆ ದಾರಿ 4 ಅಡಿ ಅಗಲ. ಜಲ್ಲಿ ಹಾಕಿದ್ರೆ ಮುಂದಿನ ಸಣ್ಣ ಚಕ್ರ ಹೂತ್ಕೊಳ್ಳುತ್ತೆ, ನಯವಾಗಿ ಸಿಮೆಂಟ್ ಬಳಿದ್ರೆ ಮಳೆಗಾಲದ ಪಾಚಿಗೆ ಜಾರುತ್ತೆ. ಕಾಂಕ್ರೀಟ್ ಹಸಿ ಇದ್ದಾಗಲೇ ಪೊರಕೆ ಎಳೆದು ಗೆರೆ ಮೂಡಿಸಿದ್ವಿ.

▪️ ಟೊಮೇಟೊ, ಬದನೆ, ಮೆಣಸಿಗೆ ಎರಡಡಿ ಎತ್ತರದ ಇಟ್ಟಿಗೆ ಪಾತಿ. ಪಕ್ಕದಲ್ಲಿ ಚೇರ್ ನಿಲ್ಲಿಸ್ಕೊಂಡು ಕೈ ಚಾಚಬೇಕು, ಅದಕ್ಕೇ ಅಗಲ ಎರಡಡಿ ಮಾತ್ರ.

▪️ ನೀಲಿ ಡ್ರಮ್ ಉದ್ದಕ್ಕೆ ಸೀಳಿ ಸ್ಟ್ಯಾಂಡ್ ಮೇಲೆ ಇಡೋದು ನನ್ನ ಐಡಿಯಾ. ಅಡಿಗೆ ಮಂಡಿ ಹೋಗ್ಲಿ ಅಂತ ಎತ್ತರಿಸಿದ್ರೆ ಅದರ ಬಾಯಿ ಅಮ್ಮನ ಎದೆಮಟ್ಟಕ್ಕೆ ಬಂತು. ಫೇಲ್. ಬದಲಿಗೆ 6 ಇಂಚು ಆಳದ ಟ್ರೇ ಮಾಡಿಸಿದ್ವಿ. ಕೊತ್ತಂಬರಿ, ಮೆಂತ್ಯ, ದಂಟಿಗೆ ಅಷ್ಟು ಸಾಕು. ಕೆಂಪುಮಣ್ಣಿಗೆ ಗೊಬ್ಬರ, ಕೊಕೊಪೀಟ್ ಬೆರೆಸಿದ್ರೆ ಭಾರನೂ ಕಮ್ಮಿ. ಬೇಗ ಒಣಗುತ್ತೆ, ಬೇಸಿಗೇಲಿ ಎರಡು ಹೊತ್ತು ನೀರು ಬೇಕು.

▪️ ಇದನ್ನ ದಯವಿಟ್ಟು ಮರೀಬೇಡಿ. ಬಿಸಿಲಲ್ಲಿ ಆ ಕಬ್ಬಿಣದ ಸ್ಟ್ಯಾಂಡ್ ಅಮ್ಮನ ಮಂಡಿಗೆ ತಾಗಿತ್ತು. ಅವಳಿಗೆ ಗೊತ್ತೇ ಆಗಿಲ್ಲ. ರಾತ್ರಿ ಬಟ್ಟೆ ಬದಲಾಯಿಸುವಾಗ ಬೊಬ್ಬೆ ನೋಡಿದ್ವಿ, ವಾಸಿಯಾಗೋಕೆ ವಾರಗಳೇ ಹಿಡೀತು. ಈಗ ಸ್ಟ್ಯಾಂಡಿಗೆಲ್ಲ ಗೋಣಿಚೀಲ ಸುತ್ತಿದೆ, ಮೇಲೆ ಶೇಡ್ ನೆಟ್ ಇದೆ.

ಬಾಗಿಲ ಹೊಸ್ತಿಲು ತೆಗೀಬೇಕು ಅಂದಾಗ ಅಜ್ಜಿ ಏನಂತಾರೋ ಅಂತ ಹೆದರಿದ್ವಿ. "ಮುಂಬಾಗ್ಲಿಂದು ಮುಟ್ಟಬೇಡಿ. ಇದನ್ನ ತೆಗೀರಿ, ಅವಳು ಓಡಾಡ್ಲಿ" ಅಂದ್ರು, ಅಷ್ಟೆ.

ಕಷ್ಟ ಆಗಿದ್ದು ಮಲ್ಲಿಗೆ. ರ‍್ಯಾಂಪ್ ತಿರುಗೋ ಜಾಗದಲ್ಲೇ ಆ ಗಿಡ. ನಾನಿನ್ನೂ ಚಿಕ್ಕವಳಿದ್ದಾಗ ಅಮ್ಮ ನೆಟ್ಟಿದ್ದು. ಅಪ್ಪ ಮೇಸ್ತ್ರಿ ಹತ್ರ ರ‍್ಯಾಂಪನ್ನೇ ಒಂಚೂರು ಚಿಕ್ಕದು ಮಾಡಕ್ಕಾಗುತ್ತಾ ಅಂತ ಕೇಳ್ತಿದ್ರು. ಅಮ್ಮ ಕಿಟಕಿಯಿಂದಲೇ ಹೇಳಿದ್ಲು: "ಇಂಚೂ ಕಮ್ಮಿ ಮಾಡಬೇಡಿ. ಗಿಡ ಕೀಳಿ."

ಜೂನ್ ಮಳೆ ಹಿಡಿದ ಮೇಲೆ ಕೊಂಬೆ ಕತ್ತರಿಸಿ, ಬೇರಿನ ಮಣ್ಣು ಉದುರದ ಹಾಗೆ ಅಗೆದು ಹೊಸ ಪಾತಿಗೆ ಹಾಕಿದ್ವಿ. ಹತ್ತು ದಿನಕ್ಕೆ ಎಲೆ ಎಲ್ಲಾ ಉದುರ್ತು. ಸತ್ತೋಯ್ತು ಅಂದ್ಕೊಂಡ್ವಿ. ಅಮ್ಮ ಉಗುರಿಂದ ಕಡ್ಡಿ ಸಿಪ್ಪೆ ಕೆರೆದು ನೋಡಿದ್ಲು. "ಒಳಗೆ ಹಸಿರಿದೆ" ಅಂದ್ಲು.

(4/4)

ಕೊನೇ ಫೋಟೋ ಈ ಏಪ್ರಿಲ್‌ದು.

ಬೆಳಿಗ್ಗೆ ಆರು ಗಂಟೆ. ಎಚ್ಚರ ಆಗಿ ನೋಡಿದ್ರೆ ಅಮ್ಮನ ಮಂಚ ಖಾಲಿ, ಚೇರೂ ಇಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಹಾಗಾಗಿರಲಿಲ್ಲ. ಎದೆ ಧಸಕ್ಕಂತು. ಬರಿಗಾಲಲ್ಲೇ ಓಡಿದೆ.

ಮಲ್ಲಿಗೆ ಪಾತಿ ಪಕ್ಕ ಕೂತಿದ್ಲು. ಮಡಿಲಲ್ಲಿ ಸ್ಟೀಲ್ ಬಟ್ಟಲು, ಅದರಲ್ಲಿ ಅರ್ಧ ಮೊಗ್ಗು. ಉಗುರಲ್ಲಿ ಮಣ್ಣು. ನಡುವೆ ಎರಡೂ ಕೈ ಊರಿ ಮೈ ಎತ್ತಿ ಒಂದು ಕ್ಷಣ ಹಿಡಿದು, ಮತ್ತೆ ಕೂತ್ಲು. ಒಂದೇ ಸಮ ಕೂತರೆ ಹುಣ್ಣಾಗುತ್ತೆ ಅಂತ ಡಾಕ್ಟರ್ ಹೇಳಿದ ಅಭ್ಯಾಸ ಅದು.

"ನನ್ನ ಯಾಕೆ ಕರೀಲಿಲ್ಲಮ್ಮಾ?"

ತಿರುಗಿಯೂ ನೋಡಲಿಲ್ಲ. "ಕರೀಬೇಕಿತ್ತಾ?" ಅಂದ್ಲು.

ನಿಮಗೆ ನಿಜ ಹೇಳ್ತೀನಿ. ಖುಷಿ ಆಯ್ತು, ಜೊತೆಗೆ ಒಳಗೆಲ್ಲೋ ಚುರ್ ಅಂತು. ಎರಡು ವರ್ಷ ಅಮ್ಮನಿಗೆ ಎಲ್ಲಾದಕ್ಕೂ ನಾನೇ ಬೇಕಾಗಿದ್ದೆ. ಹೂವಿನ ತಟ್ಟೆ ತಂದುಕೊಡೋ ಒಳ್ಳೇ ಮಗಳಾಗಿರೋದು ನನಗೆ ಇಷ್ಟ ಇತ್ತು ಅಂತ ಅವತ್ತು ಗೊತ್ತಾಯ್ತು. ಮೊದಲ ರ‍್ಯಾಂಪ್‌ಗೆ ಹಿಂದಿಂದ ಹಿಡಿಯೋರು ಒಬ್ಬರು ಬೇಕೇ ಬೇಕಿತ್ತು. ಈ 18 ಅಡಿಗೆ ಯಾರೂ ಬೇಡ.

ಎಲ್ಲಾ ಸರಿಹೋಗಿದೆ ಅಂತಲ್ಲ. ರಸಬಾಳೆಯ ಗೊನೆ ಅವಳಿಗೆ ಎಟುಕಲ್ಲ. ಜೋರು ಮಳೆಯಲ್ಲಿ ಆಚೆ ಹೋಗೋಕಾಗಲ್ಲ. ಕೆಲವು ದಿನ ಕಿಟಕಿ ಹತ್ರ ಸುಮ್ಮನೆ ಕೂತಿರ್ತಾಳೆ, ಆಗ ನಾವೂ ಮಾತಾಡ್ಸಲ್ಲ. ಆದ್ರೆ ಮೊನ್ನೆ ಸಾಸಿವೆ ಸಿಡಿಯೋಕೆ ಮುಂಚೆ ಹೊರಟವಳು ಕರಿಬೇವು ತಗೊಂಡು ಬರೋ ಹೊತ್ತಿಗೆ ಒಗ್ಗರಣೆ ಸೀದುಹೋಗಿತ್ತು. ಇಡೀ ಮನೆ ಕೆಮ್ಮಿತು. ಅಮ್ಮ ಬಿದ್ದೂ ಬಿದ್ದೂ ನಕ್ಕಳು.

ನಿಮ್ಮನೇಲಿ ಅಜ್ಜನೋ, ಅತ್ತೆನೋ, ತಮ್ಮನೋ ಕಿಟಕಿಯಿಂದ ಆಚೆ ನೋಡ್ತಾ ಕೂತಿದ್ರೆ, ಮೇಸ್ತ್ರಿಗೆ ಫೋನ್ ಮಾಡೋಕೆ ಮುಂಚೆ ಅವರ ಕೈಗೆ ಒಂದು ಟೇಪ್ ಕೊಡಿ. ನಿಮ್ಮ ಮನೆ ಮೆಟ್ಟಿಲು ಎಷ್ಟು ಇಂಚು ಅಂತ ಕೆಳಗೆ ಬರೀರಿ, ಎಷ್ಟಡಿ ಬೇಕಾಗುತ್ತೆ ಅಂತ ಲೆಕ್ಕ ನಾನು ಹಾಕಿಕೊಡ್ತೀನಿ.

#ಹಿತ್ತಲು #ಅಮ್ಮನತೋಟ #ಮೈಸೂರುಮಲ್ಲಿಗೆ #ವೀಲ್‌ಚೇರ್