ಪ್ಯಾರಮೂರ್: ಒಂದು ಪ್ರೇಮಶಬ್ದದ ಏಳುಬೀಳು

ಇಂಗ್ಲಿಷ್ ದಿನಪತ್ರಿಕೆಗಳ ಅಪರಾಧ ವಾರ್ತೆಗಳನ್ನು ಓದುವ ಅಭ್ಯಾಸವುಳ್ಳವರಿಗೆ ‘ಪ್ಯಾರಮೂರ್’ ಎಂಬ ಶಬ್ದ ಅಪರಿಚಿತವಲ್ಲ. ಗಂಡನ ಕೊಲೆಯಾಗಿದೆ, ಹೆಂಡತಿಯ ಮೇಲೆ ಸಂಶಯವಿದೆ, ಆಕೆಯೊಂದಿಗೆ ಮತ್ತೊಬ್ಬ ಪುರುಷನ ಹೆಸರು ಕೇಳಿಬಂದಿದೆ ಎಂದರೆ, ಶಿರೋನಾಮೆಯಲ್ಲಿ ಆ ಪುರುಷನಿಗೆ ಸಲ್ಲುವ ಹೆಸರು ಇದೇ. ಇಂಗ್ಲೆಂಡಿನ ದಿನಬಳಕೆಯ ಮಾತಿನಲ್ಲಿ ಬಹುಮಟ್ಟಿಗೆ ಹಳತಾಗಿರುವ ಈ ಶಬ್ದ ಭಾರತದ ಇಂಗ್ಲಿಷಿನಲ್ಲಿ, ವಿಶೇಷವಾಗಿ ಪೊಲೀಸ್ ಹಾಗೂ ನ್ಯಾಯಾಲಯದ ವರದಿಗಳಲ್ಲಿ, ಇಂದಿಗೂ ಜೀವಂತವಾಗಿದೆ. ಆರೋಪ ಸಾಬೀತಾಗುವ ಮುನ್ನವೇ ತೀರ್ಪನ್ನು ಹೊತ್ತು ತರುವ ಶಬ್ದವಿದು. ಆದರೆ ಇದಕ್ಕೆ ಏಳುನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯ ಆರಂಭದಲ್ಲಿ ಇದು ಕ್ರಿಸ್ತನಿಗೂ ಮಾತೆ ಮೇರಿಗೂ ಸಲ್ಲುತ್ತಿದ್ದ ಭಕ್ತಿಯ ಸಂಬೋಧನೆಯಾಗಿತ್ತು ಎಂಬುದನ್ನು ತಿಳಿದಾಗ ಶಬ್ದಗಳ ಭಾಗ್ಯವನ್ನು ಕುರಿತು ಆಲೋಚಿಸುವಂತಾಗುತ್ತದೆ.

ಮೂಲತಃ ಇದು ನಾಮಪದವೇ ಅಲ್ಲ. ಹಳೆಯ ಫ್ರೆಂಚಿನ ‘ಪಾರ್ ಅಮೂರ್’ ಎಂಬ ಎರಡು ಪದಗಳ ಕೂಟವಿದು. ‘ಪಾರ್’ ಎಂಬುದು ಲ್ಯಾಟಿನ್ನಿನ ‘ಪೆರ್’ ಎಂಬ ಅವ್ಯಯದಿಂದ ಬಂದದ್ದು. ‘ಅಮೂರ್’ ಎಂಬುದಕ್ಕೆ ಲ್ಯಾಟಿನ್ನಿನ ‘ಅಮೋರ್’ ಮೂಲ. ಕನ್ನಡದ ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಇದು ತೃತೀಯಾ ವಿಭಕ್ತಿಯ ಅರ್ಥವುಳ್ಳ ಪ್ರಯೋಗ: ‘ಒಲವಿನಿಂದ’. 1066ರ ನಾರ್ಮನ್ ವಿಜಯದ ತರುವಾಯ ಅರಮನೆ, ನ್ಯಾಯಸ್ಥಾನ, ಅಡುಗೆಮನೆಗಳ ಮೂಲಕ ಸಾವಿರಾರು ಫ್ರೆಂಚ್ ಶಬ್ದಗಳು ಇಂಗ್ಲಿಷಿಗೆ ಇಳಿದುಬಂದವಷ್ಟೆ. ಅವುಗಳ ಜೊತೆಯಲ್ಲಿ ಈ ಪದಪುಂಜವೂ 13ನೆಯ ಶತಮಾನದಲ್ಲಿ ಕ್ರಿಯಾವಿಶೇಷಣವಾಗಿ ಬಂದಿತು. ‘ಒಲವಿನಿಂದ ಪ್ರೀತಿಸು’ ಎಂಬ ನುಡಿಗಟ್ಟಿನಲ್ಲಿ ಅದರ ವಾಸ. 1300ರ ಸುಮಾರಿಗೆ ಎರಡು ಪದಗಳು ಬೆಸೆದು ಒಂದಾದವು. ‘ಒಲವಿನಿಂದ’ ಎಂಬ ರೀತಿವಾಚಕವು ಒಲವಿಗೆ ಪಾತ್ರರಾದ ವ್ಯಕ್ತಿಯ ಹೆಸರಾಯಿತು.

‘ಒಲವಿನಿಂದ ಪ್ರೀತಿಸು’ ಎಂಬುದು ಮೇಲ್ನೋಟಕ್ಕೆ ಪುನರುಕ್ತಿಯಂತೆ ಕಂಡೀತು. ಆದರೆ ಅದಕ್ಕೊಂದು ಪ್ರಯೋಜನವಿತ್ತು. ತಾಯಿ ಮಗುವನ್ನು, ಬಂಟ ಒಡೆಯನನ್ನು, ಸತಿ ಪತಿಯನ್ನು ಪ್ರೀತಿಸುವುದಕ್ಕೆ ರಕ್ತ, ಋಣ, ವಿಧಿಗಳ ಆಧಾರವುಂಟು. ಯಾವ ಕಟ್ಟಳೆಯೂ ಇಲ್ಲದೆ ಕೇವಲ ಒಲವೇ ಕಾರಣವಾಗಿ ಹುಟ್ಟುವ ಪ್ರೀತಿಯನ್ನು ಬೇರ್ಪಡಿಸಿ ಹೇಳಲು ‘ಪಾರ್ ಅಮೂರ್’ ಬೇಕಾಯಿತು. 12ನೆಯ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನ ಟ್ರೂಬದೂರ್ ಕವಿಗಳು ಹಾಡಿದ್ದು ಇಂಥ ಪ್ರೀತಿಯನ್ನೇ. 1883ರಲ್ಲಿ ಫ್ರೆಂಚ್ ವಿದ್ವಾಂಸ ಗ್ಯಾಸ್ಟನ್ ಪ್ಯಾರಿಸ್ ಇದನ್ನು ‘ಆಸ್ಥಾನಪ್ರೇಮ’ ಎಂಬ ಅರ್ಥದ ಹೆಸರಿನಿಂದ ಕರೆದ ಮೇಲೆ ಆ ಪರಿಭಾಷೆ ಸಾಹಿತ್ಯಚರಿತ್ರೆಯಲ್ಲಿ ನೆಲೆಯೂರಿತು. ಶ್ರೀಮಂತ ಮನೆತನಗಳ ವಿವಾಹಗಳು ಭೂಮಿ ಮತ್ತು ವಂಶಗಳ ಒಪ್ಪಂದಗಳಾಗಿದ್ದ ಕಾಲದಲ್ಲಿ, ಆಯ್ಕೆಯ ಪ್ರೀತಿಗೆ ವಿವಾಹದ ಹೊರಗಲ್ಲದೆ ಬೇರೆಡೆ ಜಾಗವಿರಲಿಲ್ಲ. ಶಬ್ದದ ಮುಂದಿನ ಅವನತಿಯ ಬೀಜ ಇಲ್ಲಿಯೇ ಇದೆ.

ಆದರೆ ಆ ಬೀಜ ಮೊಳೆಯುವ ಮೊದಲು ಶಬ್ದವು ದೇವಾಲಯವನ್ನು ಹೊಕ್ಕಿತು. ಮಧ್ಯಕಾಲೀನ ಇಂಗ್ಲಿಷಿನ ಭಕ್ತಿಸಾಹಿತ್ಯದಲ್ಲಿ ಸ್ತ್ರೀಯರಿಗೆ ಕ್ರಿಸ್ತನೇ ಪ್ಯಾರಮೂರ್, ಪುರುಷರಿಗೆ ಮೇರಿಯೇ ಪ್ಯಾರಮೂರ್. ಶರಣಸತಿ ಲಿಂಗಪತಿ ಭಾವವನ್ನು ಬಲ್ಲ ಕನ್ನಡದ ಓದುಗರಿಗೆ ಇದು ಅಚ್ಚರಿಯೆನಿಸದು. ಕಟ್ಟಳೆಯಿಲ್ಲದ ಒಲವೇ ಭಕ್ತಿಯ ತುದಿಯೆಂದು ತಿಳಿದವರು ಅದಕ್ಕೆ ತಕ್ಕ ಶಬ್ದವನ್ನು ಲೋಕದ ಪ್ರಣಯದಿಂದಲೇ ತಂದುಕೊಂಡರು.

ಲೋಕ ಮತ್ತು ದೇವಾಲಯಗಳ ನಡುವೆ ನಿಂತಿದ್ದ ಈ ಶಬ್ದದ ಸಂದಿಗ್ಧವನ್ನು 14ನೆಯ ಶತಮಾನದ ಕೊನೆಯಲ್ಲಿ ಛಾಸರ್ ಕವಿ ‘ವೀರಯೋಧನ ಕಥೆ’ಯಲ್ಲಿ ಸ್ವಾರಸ್ಯವಾಗಿ ಬಳಸಿಕೊಂಡನು. ಸೆರೆಮನೆಯ ಕಿಟಕಿಯಿಂದ ಎಮಿಲಿಯನ್ನು ಕಂಡ ಪಾಲಮನ್ ಅವಳನ್ನು ವೀನಸ್ ದೇವಿಯೆಂದೇ ಬಗೆದು ಮೊಣಕಾಲೂರುತ್ತಾನೆ. ಅವಳನ್ನು ಕಂಡ ಆರ್ಸೈಟನೂ ಸೋಲುತ್ತಾನೆ. ಯಾರು ಮೊದಲು ಪ್ರೀತಿಸಿದವರೆಂಬ ಜಗಳದಲ್ಲಿ ಆರ್ಸೈಟ್ ಒಡ್ಡುವ ವಾದ ಚತುರವಾದದ್ದು: ನೀನು ಕಂಡದ್ದು ಹೆಣ್ಣೋ ದೇವಿಯೋ ಎಂಬುದೇ ನಿನಗೆ ತಿಳಿದಿರಲಿಲ್ಲ, ನಿನ್ನದು ಪವಿತ್ರಭಾವ, ನನ್ನದು ಮನುಷ್ಯಳ ಮೇಲಣ ಪ್ರೀತಿ, ಆದ್ದರಿಂದ ‘ಪಾರ್ ಅಮೂರ್’ ಪ್ರೀತಿಸಿದವನು ಮೊದಲು ನಾನೇ. ಪೂಜೆಗೂ ಪ್ರೇಮಕ್ಕೂ ನಡುವಣ ಗೆರೆಯನ್ನು ಎಳೆಯಲು ಛಾಸರನ ಪಾತ್ರಕ್ಕೆ ಈ ಪದಪುಂಜವೇ ಸಾಧನವಾಯಿತು. ಅಲ್ಲಿ ಅದು ನಿಂದೆಯೂ ಅಲ್ಲ, ಸ್ತುತಿಯೂ ಅಲ್ಲ, ಕೇವಲ ವಿವೇಚನೆ.

ಆದರೆ ಅದೇ ಶತಮಾನದಲ್ಲಿ ಶಬ್ದಕ್ಕೆ ಗುಪ್ತಪ್ರಣಯಿ, ಇಟ್ಟುಕೊಂಡವಳು ಎಂಬ ಅರ್ಥಗಳೂ ಅಂಟತೊಡಗಿದ್ದವು. ಎರಡು ನೂರು ವರ್ಷಗಳಲ್ಲಿ ಆ ಅರ್ಥಗಳೇ ಗೆದ್ದವು. ಷೇಕ್ಸ್‌ಪಿಯರನ ‘ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದ ನಾಲ್ಕನೆಯ ಅಂಕದಲ್ಲಿ ಕ್ವಿನ್ಸ್ ಎಂಬ ಬಡಗಿ ತನ್ನ ಗೆಳೆಯ ಬಾಟಮ್‌ನ ಕಂಠಮಾಧುರ್ಯವನ್ನು ಹೊಗಳಹೋಗಿ, ‘ಪ್ಯಾರಗನ್’ ಅಂದರೆ ಆದರ್ಶ ಎನ್ನಬೇಕಾದೆಡೆ ‘ಪ್ಯಾರಮೂರ್’ ಎಂದುಬಿಡುತ್ತಾನೆ. ಜೊತೆಗಾರ ಫ್ಲೂಟ್ ದೇವರನ್ನು ನೆನೆದು ಆ ತಪ್ಪನ್ನು ತಿದ್ದುತ್ತಾನೆ. ಸಾಮಾನ್ಯ ಕುಶಲಕರ್ಮಿಯೂ ಮುಜುಗರಪಡುವಷ್ಟು ಶಬ್ದ ಕೆಳಗಿಳಿದಿತ್ತೆಂಬುದಕ್ಕೆ ಸಭಿಕರ ನಗುವೇ ಸಾಕ್ಷಿ. ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದ ಕೊನೆಯಲ್ಲಿ, ಸಾವು ಜೂಲಿಯೆಟ್ಟಳನ್ನು ಕತ್ತಲಿನಲ್ಲಿ ತನ್ನ ಪ್ಯಾರಮೂರ್ ಆಗಿ ಬಚ್ಚಿಟ್ಟುಕೊಂಡಿದೆಯೇ ಎಂದು ರೋಮಿಯೊ ಶಂಕಿಸುತ್ತಾನೆ. ಇನ್ನು 1629ರಲ್ಲಿ ಮಿಲ್ಟನ್ ಕ್ರಿಸ್ತಜನನವನ್ನು ಕುರಿತು ಬರೆದ ಕವಿತೆಯಲ್ಲಿ ಸೂರ್ಯನು ಪ್ರಕೃತಿಯ ಪ್ಯಾರಮೂರ್; ದೈವಶಿಶುವಿನ ಮುಂದೆ ನಾಚಿದ ಪ್ರಕೃತಿ ಅವನೊಡನಾಟದ ಚೆಲ್ಲಾಟವನ್ನು ತೊರೆಯುತ್ತಾಳೆ. ಒಂದು ಕಾಲಕ್ಕೆ ಕ್ರಿಸ್ತನನ್ನೇ ಹೆಸರಿಸಿದ್ದ ಶಬ್ದ, ಮುನ್ನೂರು ಚಿಲ್ಲರೆ ವರ್ಷಗಳಲ್ಲಿ, ಕ್ರಿಸ್ತನ ಸನ್ನಿಧಿಯಲ್ಲಿ ದೂರವಿಡಬೇಕಾದುದರ ಹೆಸರಾಯಿತು.

ಭಾಷಾಶಾಸ್ತ್ರದ ಪುಸ್ತಕಗಳು ಇದನ್ನು ಹೀನಾರ್ಥಪ್ರಾಪ್ತಿಯೆಂದು ಹೆಸರಿಸಿ ಮುಂದೆ ಹೋಗುತ್ತವೆ. ಪರದೇಶದಿಂದ ಬಂದ ಶಬ್ದವಾದ್ದರಿಂದ ಅದಕ್ಕೆ ಕಳಂಕ ತಟ್ಟಿತೆಂದು ಕೆಲವರು ಊಹಿಸಬಹುದು. ಆದರೆ ಈ ಊಹೆ ನಿಲ್ಲದು. ಅಚ್ಚ ಇಂಗ್ಲಿಷಿನ ‘ಲೆಮನ್’ ಎಂಬ ಹಳೆಯ ಶಬ್ದವನ್ನು ನೋಡಬೇಕು; ಹುಳಿಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ‘ಪ್ರಿಯ’ ಮತ್ತು ‘ಮನುಷ್ಯ’ ಎಂಬರ್ಥದ ಎರಡು ದೇಶ್ಯ ಪದಗಳಿಂದ ಹುಟ್ಟಿದ ಅದೂ ಭಕ್ತಿಯಲ್ಲಿ ಕ್ರಿಸ್ತನಿಗೆ ಸಂದು, ಬಳಿಕ ಉಪಪತ್ನಿಯ ಹೆಸರಾಗಿ, ಕಡೆಗೆ ಬಳಕೆಯಿಂದ ಮರೆಯಾಯಿತು. ಮನೆಯೊಡತಿ ಎಂಬರ್ಥದ ‘ಮಿಸ್ಟ್ರೆಸ್’ ಶಬ್ದಕ್ಕೂ ಇದೇ ಗತಿಯಾಯಿತು. ಹಾಗಾದರೆ ದೋಷ ಶಬ್ದದ ಹುಟ್ಟಿನಲ್ಲಿಲ್ಲ, ಅದನ್ನು ಕೂರಿಸಿದ ಪೀಠದಲ್ಲಿದೆ. ವಿವಾಹವೂ ಅಲ್ಲದ, ಪೂಜೆಯೂ ಅಲ್ಲದ ಒಲವಿಗೆ ಸಮಾಜ ಗೌರವದ ಆಸನವನ್ನು ಕೊಡದಿರುವಾಗ, ಅಲ್ಲಿ ಯಾವ ಶಬ್ದ ಕುಳಿತರೂ ಜಾರಿ ಬೀಳುತ್ತದೆ.

ಕನ್ನಡದ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ಹಳಗನ್ನಡದಲ್ಲಿ ‘ಮಿಂಡ’ ಎಂದರೆ ಪ್ರಾಯದವನು, ಬಲಿಷ್ಠ ಯುವಕ. ಇಂದು ಆ ಶಬ್ದ ಬೈಗುಳದಲ್ಲಿ ಮಾತ್ರ ಉಸಿರಾಡುತ್ತಿದೆ. ಸಂಸ್ಕೃತದ ‘ಪ್ರಿಯಕರ’ ಎಂದರೆ ಪ್ರಿಯವನ್ನುಂಟುಮಾಡುವವನು. ಇಂದಿನ ಕನ್ನಡ ಪತ್ರಿಕೆಗಳ ಅಪರಾಧ ಪುಟದಲ್ಲಿ ಅದು ನಿಖರವಾಗಿ ಪ್ಯಾರಮೂರಿನ ಸ್ಥಾನದಲ್ಲಿ ನಿಂತಿದೆ. ದೇಶ್ಯವಾದರೇನು, ತತ್ಸಮವಾದರೇನು, ಹಾದಿ ಒಂದೇ.

ಬಾಟಮ್‌ನ ಇನಿದನಿಯ ಪ್ರಸಂಗ ಕನ್ನಡದ ಓದುಗರಿಗೆ ಜನ್ನನ ‘ಯಶೋಧರ ಚರಿತೆ’ಯನ್ನು (1209) ನೆನಪಿಸದೆ ಇರದು. ಇರುಳಿನಲ್ಲಿ ಕೇಳಿಬಂದ ಹಾಡಿನ ದನಿಗೆ ಮನಸೋತು ರಾಣಿ ಅಮೃತಮತಿ ಕುರೂಪಿ ಮಾವುತನಲ್ಲಿ ಅನುರಕ್ತಳಾಗುತ್ತಾಳೆ. ಆ ಮಾವುತನನ್ನು ಇಂಗ್ಲಿಷಿನಲ್ಲಿ ಹೆಸರಿಸಹೊರಟವರ ಬಾಯಿಗೆ ಮೊದಲು ಬರುವ ಶಬ್ದ ಪ್ಯಾರಮೂರ್. ತಪ್ಪೆನ್ನಲಾಗದು; ಆದರೆ ಹಾಗೆಂದ ಕೂಡಲೇ ಕಾವ್ಯ ಅಪರಾಧ ವಾರ್ತೆಯ ಮಟ್ಟಕ್ಕೆ ಇಳಿಯುತ್ತದೆ. ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು, ನಿರ್ದೋಷಿಯಲ್ಲ. ಆದರೂ ಜನ್ನನ ಕಾವ್ಯದಲ್ಲಿ ಯಶೋಧರನನ್ನೂ ಅವನ ತಾಯಿ ಚಂದ್ರಮತಿಯನ್ನೂ ಹಲವು ಪ್ರಾಣಿಜನ್ಮಗಳಲ್ಲಿ ತೊಳಲಿಸುವುದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆ. ಕವಿಯ ನೋಟ ವ್ಯಕ್ತಿಗೆ ಹಚ್ಚುವ ಹೆಸರಿಗಿಂತ ಮನಸ್ಸಿನ ಪರಿಣಾಮದ ಮೇಲೆ ನೆಟ್ಟಿದೆ.

ಇದಕ್ಕೆ ಹಿನ್ನೆಲೆಯಾಗಿ ಜೈನದರ್ಶನದ ‘ರಾಗ’ವೆಂಬ ಪರಿಭಾಷೆಯಿದೆ. ಕುಂದಕುಂದಾಚಾರ್ಯರ ‘ಪಂಚಾಸ್ತಿಕಾಯ’ದಲ್ಲಿ ಅರ್ಹಂತ, ಸಿದ್ಧ, ಸಾಧುಗಳಲ್ಲಿ ಇಡುವ ಭಕ್ತಿಯನ್ನು ‘ಪ್ರಶಸ್ತರಾಗ’ವೆಂದು ಕರೆಯಲಾಗಿದೆ. ಅದು ಪುಣ್ಯಕ್ಕೆ ಕಾರಣ; ಆದರೂ ರಾಗವೇ. ಮೋಕ್ಷಾರ್ಥಿಯಾದವನು ಕೊನೆಗೆ ಅದನ್ನೂ ದಾಟಬೇಕು. ಪಾಲಮನ್‌ನ ಪವಿತ್ರಭಾವವೂ ಆರ್ಸೈಟನ ಪ್ರೇಮವೂ ಈ ದೃಷ್ಟಿಯಲ್ಲಿ ಒಂದೇ ಬೇರಿನವು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಜೈನಾಚಾರ್ಯರು ಮೂಲಶಬ್ದವನ್ನು ಕೆಡಿಸದೆ ಪ್ರಶಸ್ತ, ಅಪ್ರಶಸ್ತವೆಂಬ ವಿಶೇಷಣಗಳಲ್ಲಿ ತಮ್ಮ ವಿವೇಚನೆಯನ್ನು ಇಟ್ಟರು. ಇಂಗ್ಲಿಷ್ ಸಮಾಜವಾದರೋ ತನ್ನ ತೀರ್ಪನ್ನು ಶಬ್ದದ ಒಡಲಿಗೇ ತುಂಬಿತು. ವಿಶೇಷಣವನ್ನು ಪ್ರಶ್ನಿಸಬಹುದು, ಬದಲಿಸಬಹುದು. ಶಬ್ದದೊಳಗೆ ಕರಗಿಹೋದ ತೀರ್ಪು ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡುತ್ತದೆ.

ಆದ್ದರಿಂದ ಇದು ನಿಘಂಟಿನ ಕುತೂಹಲ ಮಾತ್ರವಲ್ಲ. ಛಾಸರನನ್ನು ಕನ್ನಡಿಸುವವನು ಇಂದಿನ ನಿಘಂಟನ್ನು ನಂಬಿ ‘ಜಾರ’ ಎಂದು ಬರೆದರೆ ಆರ್ಸೈಟನ ವಾದವೇ ಕುಸಿಯುತ್ತದೆ. ಅಲ್ಲಿ ಬೇಕಾದದ್ದು ‘ಒಲವಿನಿಂದ’ ಎಂಬ ವಿಭಕ್ತಿರೂಪ. ಭಕ್ತಿಗೀತೆಯಲ್ಲಿ ‘ನಲ್ಲ’ ಎನ್ನಬೇಕಾದೀತು. ಷೇಕ್ಸ್‌ಪಿಯರನಲ್ಲಿ ಮಾತ್ರ ಮುಜುಗರದ ಶಬ್ದವೇ ಸರಿ. ಬದುಕಿನಲ್ಲಿಯೂ ಅಷ್ಟೆ. 2018ರ ಸೆಪ್ಟೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯ ಭಾರತೀಯ ದಂಡಸಂಹಿತೆಯ 497ನೆಯ ಕಲಮನ್ನು ಅಸಾಂವಿಧಾನಿಕವೆಂದು ಸಾರಿತು. ವ್ಯಭಿಚಾರ ವಿಚ್ಛೇದನಕ್ಕೆ ಕಾರಣವಾಗಿ ಉಳಿಯಿತು, ಅಪರಾಧವಾಗಿ ಉಳಿಯಲಿಲ್ಲ. ಕಾನೂನು ಕೈಬಿಟ್ಟ ಆರೋಪವನ್ನು ಶಿರೋನಾಮೆಯ ಶಬ್ದ ಇಂದಿಗೂ ಹೊರಿಸುತ್ತಲೇ ಇದೆ.

ಬಿದ್ದ ಶಬ್ದ ಏಳಲಾರದೆಂಬ ನಿಯಮವೇನೂ ಇಲ್ಲ. 1955ರಲ್ಲಿ ತೀರಿಕೊಂಡ ಅಮೆರಿಕದ ಕವಿ ವಾಲೆಸ್ ಸ್ಟೀವನ್ಸ್ ತನ್ನ ಕೊನೆಗಾಲದ ಒಂದು ಕವಿತೆಗೆ ‘ಅಂತರಂಗದ ಪ್ಯಾರಮೂರಿನ ಕಡೆಯ ಸ್ವಗತ’ ಎಂಬರ್ಥದ ಶೀರ್ಷಿಕೆಯನ್ನಿಟ್ಟನು. ಅಲ್ಲಿ ಪ್ಯಾರಮೂರ್ ಎಂದರೆ ಕವಿಯೊಳಗಿನ ಕಲ್ಪನಾಶಕ್ತಿ. ಸಂಜೆಯ ಮೊದಲ ಬೆಳಕಿನಲ್ಲಿ ಅವನೊಡನೆ ಕುಳಿತ ಸಂಗಾತಿ. ಕಟ್ಟಳೆಯಿಂದಲ್ಲ, ಋಣದಿಂದಲ್ಲ, ಒಲವಿನಿಂದ ಜೊತೆಯಾದದ್ದು ಎಂಬ ಮೊದಲಿನ ಅರ್ಥ ಅಲ್ಲಿ ಮತ್ತೆ ಕಣ್ತೆರೆದಿದೆ.