ಕಾಯುವ ಕೆಲಸ

‘ಕಾಯುವುದು’ ಎಂಬ ನಮ್ಮ ಮಾತಿಗೆ ಎರಡು ಅರ್ಥಗಳುಂಟು. ಹೊಲ ಕಾಯುವವನು ಕಾವಲಿರುತ್ತಾನೆ. ಬಸ್ಸಿಗೆ ಕಾಯುವವನು ಎದುರುನೋಡುತ್ತಾನೆ. ಇವೆರಡೂ ಒಬ್ಬನ ಪಾಲಿಗೇ ಬಂದರೆ ಅವನ ಪಾಡೇನು? ಪೊಲೀಸಿನವರ ಪಹರೆಯೆಂದರೆ ಅದೇ. ‘ಸೈನೈಡ್’ ಎಂಬ ಕನ್ನಡ ಚಲಚ್ಚಿತ್ರವನ್ನು ನೋಡಿದಂದಿನಿಂದ ಈ ಯೋಚನೆ ನನ್ನನ್ನು ಬಿಟ್ಟಿಲ್ಲ.

ಎ. ಎಂ. ಆರ್. ರಮೇಶರು ನಿರ್ದೇಶಿಸಿ 2006ರಲ್ಲಿ ತೆರೆಗೆ ತಂದ ಈ ಚಿತ್ರದ ವಸ್ತು ಕಟ್ಟುಕತೆಯಲ್ಲ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ ಗಾಂಧಿಯವರ ಕೊಲೆಯಾಯಿತು. ಸಂಚಿನ ಮುಂದಾಳಾದ ಶಿವರಾಸನ್ ತನ್ನ ಸಂಗಡಿಗರೊಡನೆ ಬೆಂಗಳೂರಿನ ಅಂಚಿನ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ. ಆಗಸ್ಟಿನಲ್ಲಿ ಪೊಲೀಸರು ಆ ಮನೆಯನ್ನು ಸುತ್ತುವರಿದರು. ಆದರೆ ಒಳಗಿದ್ದವರ ಬಳಿ ಸೈನೈಡ್ ಇತ್ತು. ಅವರನ್ನು ಜೀವಸಹಿತ ಹಿಡಿಯಬೇಕು. ಅದಕ್ಕೆ ಕಮಾಂಡೋಗಳು ಬರಬೇಕು, ವಿಷಕ್ಕೆ ಮದ್ದು ಬರಬೇಕು. ಆದುದರಿಂದ ಕಾದರು. 20ನೆಯ ತಾರೀಖಿನ ಬೆಳಗ್ಗೆ ಒಳನುಗ್ಗಿದಾಗ ದೊರೆತದ್ದು ಏಳು ಹೆಣಗಳು.

ನನ್ನೊಡನೆ ಚಿತ್ರ ನೋಡುತ್ತಿದ್ದ ನಾಗಮಂಗಲದ ಗೆಳೆಯ ತಾಳಲಾರದೆ, “ನುಗ್ಗೋದ್ ಬುಟ್ಟು ಏನ್ ಕಾಯ್ತಾ ಕುಂತವ್ರೋ!” ಎಂದು ಗೊಣಗಿದ. ಅವನ ಮಾತು ನ್ಯಾಯವೇ. ಆ ಕಾಯುವಿಕೆಯಲ್ಲಿ ಶಿವರಾಸನ್ ಹೇಳಬಹುದಾಗಿದ್ದ ಸತ್ಯವೆಲ್ಲ ಅವನೊಡನೆಯೇ ಸತ್ತಿತು.

ಈ ಕತೆ ನಮಗೆ ದೂರದ್ದೂ ಅಲ್ಲ. ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿಯೇ ನಮ್ಮ ಜಿಲ್ಲೆಯ ಮುತ್ತತ್ತಿಯನ್ನೂ ಮುಟ್ಟುತ್ತಾಳೆ. ಕೋಣನಕುಂಟೆಗೆ ಕೆಲವೇ ದಿನ ಮುಂಚೆ ಅಲ್ಲಿಯೂ ಇದೇ ಪಂಗಡದವರು ಪೊಲೀಸರ ಕೈಗೆ ಸಿಕ್ಕದೆ ವಿಷ ನುಂಗಿದರು. ಪಾಂಡವಪುರದ ಕಡೆಗಾಗಲಿ, ಕೃಷ್ಣರಾಜಪೇಟೆಯ ಕಡೆಗಾಗಲಿ, ಹೊಸಬನೊಬ್ಬ ಹಳ್ಳಿಗೆ ಬಂದರೆ ಜಗಲಿಯ ಮೇಲಿನ ಅಜ್ಜ, “ಯಾವೂರಾಯ್ತಪ್ಪ? ಯಾರ್ ಪೈಕಿ?” ಎಂದು ಕೇಳದೆ ಬಿಡುವುದಿಲ್ಲ. ಹಿಂದೆ ತೋಟಿ ತಳವಾರರೂ ಇದ್ದರು. ಇದೂ ಒಂದು ಪಹರೆಯೇ. ಆದರೆ ಅಜ್ಜ ಮುಖಕ್ಕೆ ಮುಖ ಕೊಟ್ಟು ಕೇಳುತ್ತಾನೆ. ಕೇಳಿಸಿಕೊಂಡವನು ಉತ್ತರ ಹೇಳಬಹುದು. ಮರೆಯಲ್ಲಿ ನಿಂತು ನೋಡುವ ಕಣ್ಣಿಗೆ ಯಾರು ಉತ್ತರ ಹೇಳಬೇಕು?

ಆ ಕಣ್ಣಿಗೂ ಒಂದು ಕಟ್ಟು ಬೇಕೆಂಬುದನ್ನು ನಮ್ಮ ನಾಡು ಬಲ್ಲದು. ದೂರವಾಣಿ ಕದ್ದಾಲಿಕೆಯ ಆಪಾದನೆ ಬಂದಾಗ, 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯ ಪದವಿಯನ್ನೇ ಬಿಟ್ಟರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿಯೇ, 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು.

ಚಿತ್ರದಲ್ಲಿ ಶಿವರಾಸನ್ ಆಗಿ ರವಿ ಕಾಳೆ ಗಮನ ಸೆಳೆಯುತ್ತಾರೆ, ನಿಜ. ಆದರೆ ನನ್ನ ಮನಸ್ಸಿನಲ್ಲಿ ಉಳಿದವರು ಆಶ್ರಯ ಕೊಟ್ಟ ಗಂಡಹೆಂಡಿರಾಗಿ ನಟಿಸಿದ ರಂಗಾಯಣ ರಘು ಮತ್ತು ತಾರಾ. ಹೊರಗಿನಿಂದ ನೋಡುವವನಿಗೆ ಆ ಮನೆಯಲ್ಲಿದ್ದವರೆಲ್ಲ ಒಂದೇ. ಯಾರು ಸಂಚು ಹೂಡಿದವರು, ಯಾರು ಬರಿದೆ ಸಿಕ್ಕಿಬಿದ್ದವರು ಎಂಬುದು ಗೋಡೆಯಾಚೆಗೆ ತಿಳಿಯುವುದೆಂತು? ಈ ಮೊಕದ್ದಮೆಯಲ್ಲಿ 1998ರಲ್ಲಿ ವಿಶೇಷ ನ್ಯಾಯಾಲಯವು 26 ಮಂದಿಗೆ, ಎಂದರೆ ಆಪಾದಿತರೆಲ್ಲರಿಗೂ, ಮರಣದಂಡನೆ ವಿಧಿಸಿತು. 1999ರಲ್ಲಿ ಸುಪ್ರೀಂ ಕೋರ್ಟು ನಾಲ್ವರಿಗೆ ಮಾತ್ರ ಅದನ್ನು ಉಳಿಸಿ, ಮೂವರಿಗೆ ಜೀವಾವಧಿ ಶಿಕ್ಷೆ ಕೊಟ್ಟು, 19 ಮಂದಿಯನ್ನು ಬಿಡುಗಡೆ ಮಾಡಿತು.

ಕೋಣನಕುಂಟೆಯಲ್ಲಿ ಕಾದದ್ದರಿಂದ ಸತ್ಯ ಕೈತಪ್ಪಿತು. ನ್ಯಾಯಾಲಯದಲ್ಲಿ ಕಾದದ್ದರಿಂದ 22 ಕೊರಳು ಉಳಿದವು. ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ: ಬಾಗಿಲು ಮುರಿಯಲು ತಡ ಮಾಡಬಾರದು, ಒಪ್ಪಿದೆ, ಆದರೆ ಒಳಗೆ ಸಿಕ್ಕವನನ್ನು ಅಪರಾಧಿಯೆನ್ನಲು ಅವಸರವೂ ಕೂಡದು. ಅವನು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ.